ಕೆಂಪು ಗೆರೆಯ ಎತ್ತರ

ಗೆರೆ ಎಲ್ಲಿಗೆ ಎಳೆಯಬೇಕೆಂದು ಬಣ್ಣದವನು ಎರಡನೆಯ ಸಲ ಕೇಳಿದಾಗಲೂ ಅಳತೆಗಾರ ಕನ್ನಡಕ ಒರೆಸುತ್ತಲೇ ಇದ್ದ. ಒರೆಸುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ನದಿಯ ದಂಡೆಯ ಈ ಒಂಟಿ ಕೋಣೆಯಲ್ಲಿ ಕೂತು, ಬೆಳಿಗ್ಗೆ ಎಂಟಕ್ಕೊಮ್ಮೆ ಸಂಜೆ ಐದಕ್ಕೊಮ್ಮೆ ಮೆಟ್ಟಿಲಿಳಿದು, ನೀರಲ್ಲಿ ನಿಂತ ಅಳತೆಗಂಬ ನೋಡಿ, ಮಟ್ಟ ಎಷ್ಟೆಂದು ಬರೆಯುವುದು ಮೂವತ್ತೊಂದು ವರ್ಷದಿಂದ ಅವನ ಕೆಲಸ. ಆಫೀಸಿನಲ್ಲಿ ಎಲ್ಲರೂ ಅವನನ್ನು ಕಂಬದವರೇ ಎಂದೇ ಕರೆಯುತ್ತಿದ್ದರು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಅಷ್ಟೂ ವರ್ಷ ಸುಣ್ಣ ಕಂಡರೆ ಹೆಚ್ಚೆನ್ನುವಂತಿದ್ದ ಗೋಡೆಗೆ ಇವತ್ತು ಹಾಲಿನಂಥ ಬಣ್ಣ ಬಿದ್ದಿತ್ತು, ಏಕೆಂದರೆ ಮಧ್ಯಾಹ್ನ ಎರಡು ದೇಶಗಳ ದೊಡ್ಡವರು ಇಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವವರಿದ್ದರು.

"ಸಾರ್, ನಿಮ್ಮನ್ನೇ ಕೇಳ್ತಿರೋದು. ಹದಿನೆಂಟು ವರ್ಷದ ಹಿಂದೆ ಪ್ರವಾಹ ಬಂತಲ್ಲ, ನೀರು ಎಲ್ಲಿವರೆಗೆ ಬಂದಿತ್ತೋ ಅಲ್ಲಿಗೆ ಕೆಂಪು ಗೆರೆ ಎಳಿ ಅಂದಿದಾರೆ ಸಾಹೇಬ್ರು."

"ಐದು ಮೀಟರ್ ನಲವತ್ತು," ಎಂದಿತು ಅವನ ಬಾಯಿ. ಅವನನ್ನು ಕೇಳಿ ಹೇಳುವ ಅಭ್ಯಾಸ ಬಾಯಿಗೆ ಎಂದೋ ತಪ್ಪಿತ್ತು.

"ಅಂದ್ರೆ ಇಲ್ಲಿ ಎಷ್ಟಾಯ್ತು?"

"ಈ ನೆಲ ಐದಕ್ಕಿದೆ. ನೆಲದಿಂದ ಒಂದು ಮೊಳಕ್ಕೆ ಸ್ವಲ್ಪ ಕಮ್ಮಿ."

ಬಣ್ಣದವನು ಬಗ್ಗಿ ತನ್ನ ಮೊಳಕಾಲಿನ ಹತ್ತಿರ ಕೈಯಿಟ್ಟು ನೋಡಿ ನಕ್ಕುಬಿಟ್ಟ. "ಇಷ್ಟೇನಾ? ಇದಕ್ಕೆ ಪ್ರವಾಹ ಅಂತಾರಾ? ನಮ್ಮನೆ ಬಚ್ಚಲು ಕಟ್ಟಿಕೊಂಡ್ರೆ ಇಷ್ಟು ನಿಲ್ಲುತ್ತೆ ಸಾರ್."

ಅವನೂ ನಕ್ಕ. ನಗುತ್ತಲೇ, ನೋಡಬಾರದೆಂದುಕೊಂಡೇ, ಕಿಟಕಿಯ ಮೇಲೆ ನೋಡಿದ. ಆ ಪ್ರವಾಹ ಇಳಿದಾಗ ಚೌಕಟ್ಟಿಗಿಂತ ಒಂದು ಗೇಣು ಮೇಲೆ ಇನ್ನೊಂದು ಗೆರೆ ಇತ್ತು. ಯಾರೂ ಎಳೆಯದೆ, ನೀರೇ ಇಳಿಯುವಾಗ ಬಿಟ್ಟುಹೋದ ಕೆಸರಿನ ಗೆರೆ, ಒಳಗೂ ಹೊರಗೂ ನಾಲ್ಕು ಗೋಡೆಗೂ ಒಂದೇ ಸಮ. ಏಳು ಮೀಟರ್ ಮೂವತ್ತು ಇದ್ದಿರಬೇಕು. ಅವನು ಅಳೆಯಲಿಲ್ಲ. ಅಳೆಯುವುದೊಂದೇ ಕೆಲಸವಾಗಿದ್ದ ಮನುಷ್ಯ ಅವತ್ತು ಅಳತೆಪಟ್ಟಿಯನ್ನು ಕೈಯಲ್ಲೂ ಮುಟ್ಟಲಿಲ್ಲ. ಸ್ಟೂಲ್ ಹಾಕಿಕೊಂಡು, ಗೋಣಿಚೀಲ ಒದ್ದೆ ಮಾಡಿಕೊಂಡು, ಗೆರೆಯನ್ನು ಒರೆಸುತ್ತ ಹೋದ. ಮೂರು ದಿನ ಹಿಡಿಯಿತು. ಹಿಂದಿನ ಮರದ ಕೊಂಬೆಗೆ ಸಿಕ್ಕಿಕೊಂಡಿದ್ದ ಹುಲ್ಲು, ಬಟ್ಟೆ ಚೂರು ಎಲ್ಲವನ್ನೂ ಗಳದಿಂದ ಎಳೆದು ನದಿಗೆ ಹಾಕಿದ. ಸರ್ಕಾರಕ್ಕೆ ಅವನು ಅಷ್ಟು ಮುತುವರ್ಜಿಯಿಂದ ಮಾಡಿದ ಕೆಲಸ ಬೇರೆ ಇಲ್ಲ. ಆಮೇಲೆ, ಚೀಲದಲ್ಲಿ ತನ್ನ ಜೊತೆಗೇ ಇದ್ದು ನೆನೆಯದೆ ಉಳಿದಿದ್ದ ಪುಸ್ತಕ ತೆಗೆದು ಐದು ಮೀಟರ್ ನಲವತ್ತು ಎಂದು ಬರೆದ. ಪ್ರವಾಹ ಎನ್ನುವುದಕ್ಕೆ ಸಾಕಾಗುವಷ್ಟು ಹೆಚ್ಚು; ಆದರೆ ಐದೂವರೆ ದಾಟಿದರೆ ಗಂಟೆಗೊಮ್ಮೆ ಕೆಳಗಿನ ಪಂಪ್‌ಹೌಸಿಗೆ ಫೋನ್ ಮಾಡಿ ಎಚ್ಚರಿಸಬೇಕೆಂಬ ನಿಯಮವಿತ್ತಲ್ಲ, ಅದಕ್ಕೆ ನಾಲ್ಕು ಬೆರಳು ಕಡಿಮೆ.

ನೀರು ಏರಿದ ದಿನ ಫೋನ್ ಮಾಡಲು ಅವನು ಅಲ್ಲಿ ಇರಲೇ ಇಲ್ಲ. ನದಿಯ ಮುಖ ನೋಡಿ ನೋಡಿ ಬೇಸರವಾಗಿ, ವರ್ಗಾವಣೆ ಕೇಳಲು ರಜೆ ಹಾಕದೆ ಹೆಡ್ ಆಫೀಸಿಗೆ ಹೋಗಿದ್ದ. ದೊಡ್ಡ ಸಾಹೇಬರ ಕೋಣೆಯ ಹೊರಗಿನ ಬೆಂಚಿನ ಮೇಲೆ ಎರಡು ದಿನ ಕೂತ. ಕೂತಿರಿ, ಕರೀತಾರೆ ಎಂದು ಜವಾನ ಗಂಟೆಗೊಮ್ಮೆ ಹೇಳುತ್ತಿದ್ದ. ಎರಡನೆಯ ದಿನ ಸಂಜೆ ದೊಡ್ಡ ಸಾಹೇಬರು ತಾವೇ ಹೊರಗೆ ಬಂದಾಗ ಅವನು ತಟ್ಟನೆ ಎದ್ದುನಿಂತ. ಅವರು ಅವನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕೊಡೆ ನೋಡಿ, "ನೆಲ ಒದ್ದೆ ಮಾಡಬೇಡಿ," ಎಂದು ಮುಂದೆ ಹೋದರು. ನದಿ ಕಿಟಕಿಯ ಮಟ್ಟಕ್ಕೆ ಬಂದದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ ಎಂದು ಅವನು ಆಮೇಲೆ ಲೆಕ್ಕ ಹಾಕಿದ್ದ. ಅವನು ಕೊಡೆಯ ನೀರು ತನ್ನ ಚಪ್ಪಲಿಯ ಮೇಲೆ ಬೀಳುವಂತೆ ಓರೆಯಾಗಿ ಹಿಡಿದು ನಿಂತಿದ್ದ. ಕೆಳಗೆ, ಪಂಪ್‌ಹೌಸಿನಲ್ಲಿ, ಅವನ ಭಾವ ಫೋನಿನ ಮುಂದೆ ಕೂತಿದ್ದ.

ಭಾವ ಎಂದರೆ ಅಕ್ಕನ ಗಂಡ. ಕೆಳಗಿನ ಊರಿಗೆ ನೀರು ಎತ್ತುವ ಪಂಪು ನೋಡಿಕೊಳ್ಳುವವನು. ದಿನಾ ಸಂಜೆಯ ಅಳತೆ ಮುಗಿಯುವ ಹೊತ್ತಿಗೆ ಫೋನ್ ಮಾಡಿ, "ಏನಪ್ಪಾ ಭಾಮೈದ, ನಿನ್ನ ನದಿ ಮಲಗಿತಾ?" ಎನ್ನುತ್ತಿದ್ದ. ಅವತ್ತು ಜೊತೆಯಲ್ಲಿದ್ದ ಕೂಲಿಯವರು ನೀರಿನ ಸದ್ದು ಕೇಳಿ ಓಡಿದರಂತೆ. ಭಾವ ಮಾತ್ರ, "ನನ್ನ ಭಾಮೈದ ಇನ್ನೂ ಫೋನ್ ಮಾಡಿಲ್ಲ, ಇದು ಹಳ್ಳದ ಸದ್ದು," ಎಂದು ಕೂತನಂತೆ. ಪಂಪ್‌ಹೌಸಿನ ಬಾಗಿಲು ಆರು ಮೀಟರಿಗೆ. ಪುಸ್ತಕದ ಪ್ರಕಾರ ನದಿ ಆರಕ್ಕೆ ಬಂದೇ ಇಲ್ಲ. ಹಾಗಾಗಿ ಊರಿಗೆ ನುಗ್ಗಿದ್ದು ಹಳ್ಳದ ನೀರು, ಪಂಪಿನವನು ತಾನಾಗಿಯೇ ನದಿಗಿಳಿದು ಸತ್ತಿದ್ದಾನೆ, ಕುಡಿದಿರಬಹುದು ಎಂದು ವಿಚಾರಣೆಯವರು ಬರೆದರು. ಒಂದು ವರ್ಷ ಕಳೆಯುವುದರೊಳಗೆ ಆ 'ಇರಬಹುದು' ಕಳಚಿಕೊಂಡು, ಭಾವ ಕುಡುಕನಾಗಿಯೇ ಉಳಿದ. ಹನಿ ಮುಟ್ಟದ ಮನುಷ್ಯ. ಸೊಸೆಯ, ಅಂದರೆ ಅಕ್ಕನ ಮಗಳ, ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರು, "ತಂದೆ ಕುಡೀತಿದ್ರಂತೆ ಹೌದಾ?" ಎಂದು ಕೇಳಿದಾಗ ಅವನು ಛಾವಣಿಯ ಫ್ಯಾನ್ ನೋಡುತ್ತ ಕೂತಿದ್ದ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಫ್ಯಾನಿನ ಒಂದು ರೆಕ್ಕೆ ಸ್ವಲ್ಪ ಸೊಟ್ಟಗಿತ್ತು. ಅದು ಈಗಲೂ ನೆನಪಿದೆ.

"ನೋಡಿ ಸಾರ್, ನೇರ ಬಂತಾ?" ಎಂದ ಬಣ್ಣದವನು. ಮೊಳಕಾಲಿನ ಮಟ್ಟದಲ್ಲಿ ಕೆಂಪು ಗೆರೆ ಹಸಿಯಾಗಿ ಹೊಳೆಯುತ್ತಿತ್ತು. ಬಲು ಅಚ್ಚುಕಟ್ಟಾಗಿ ಬಂದಿತ್ತು. ಚೆನ್ನಾಗಿದೆ ಎಂದು ಹೇಳಿ ಅವನು ಆಫೀಸಿನಲ್ಲಿದ್ದ ಸಭೆಗೆ ಹೊರಟ. ಇವತ್ತು ಹೇಳಿಬಿಡುತ್ತೇನೆ ಎಂದು ರಾತ್ರಿಯೇ ನಿಶ್ಚಯಿಸಿದ್ದ. ಹದಿನೆಂಟು ವರ್ಷದಲ್ಲಿ ಹೀಗೆ ನಿಶ್ಚಯಿಸಿದ ಬೆಳಗುಗಳು ಕಡಿಮೆಯೇನಲ್ಲ. ಆದರೆ ಇವತ್ತು ಸಹಿ ಹಾಕಬೇಕಿತ್ತು.

ನದಿಗೆ ಕಟ್ಟೆ ಕಟ್ಟಿ ವಿದ್ಯುತ್ ತೆಗೆದುಕೊಡುತ್ತೇವೆಂದು ಎರಡು ದೇಶಗಳು ಆರು ವರ್ಷದಿಂದ ಹಗ್ಗ ಜಗ್ಗುತ್ತಿದ್ದವು. ಹೆಸರು ಹೇಳಿದರೆ ಯಾರಿಗಾದರೂ ನೋವಾದೀತೆಂದು ಆಫೀಸಿನಲ್ಲಿ ಒಬ್ಬರನ್ನು ಗಡಿಯಾಚೆಯವರು, ಇನ್ನೊಬ್ಬರನ್ನು ಕಡಲಾಚೆಯವರು ಎನ್ನುತ್ತಿದ್ದರು. ಯಾರು ಕಟ್ಟುತ್ತಾರೋ ಅವರಿಗೆ ಇನ್ನು ಮೂವತ್ತು ವರ್ಷ ಈ ದೇಶದ ಕಿವಿ ಸಿಕ್ಕಹಾಗೆ, ಹಾಗಾಗಿ ಇಬ್ಬರಿಗೂ ಇಲ್ಲಿನ ಕತ್ತಲೆಯ ಬಗ್ಗೆ ಇನ್ನಿಲ್ಲದ ಮರುಕ. ಗಡಿಯಾಚೆಯವರು ಸಭೆಯ ಕೋಣೆಗೆ ಉದ್ದನೆಯ ಮೇಜು ಕೊಟ್ಟರು. ಅದೇ ತಿಂಗಳು ಕಡಲಾಚೆಯವರು ಇಪ್ಪತ್ತು ಕುರ್ಚಿ ಕೊಟ್ಟರು. ಕುರ್ಚಿಯ ಕೈಗಳು ಮೇಜಿಗಿಂತ ಎತ್ತರವಾಗಿ, ಯಾವುದೂ ಒಳಗೆ ಹೋಗದೆ, ಎಲ್ಲರೂ ಒಂದು ಮಾರು ದೂರ ಕೂತು ಕೊಕ್ಕರೆಗಳ ಹಾಗೆ ಕತ್ತು ಚಾಚಿ ಬರೆಯಬೇಕಾಗಿತ್ತು. ಸಾಹೇಬರ ಕೋಣೆಯ ಒಂದೇ ಮೊಳೆಗೆ ಎರಡು ಕ್ಯಾಲೆಂಡರ್. ಬಾಗಿಲಲ್ಲಿ ಯಾರು ಬಂದರೆಂದು ನೋಡಿ ಸಾಹೇಬರು ಅವರದನ್ನು ಮೇಲೆ ಹಾಕುತ್ತಿದ್ದರು. "ಮದುವೆ ಹೆಣ್ಣಿಗೂ ಇಷ್ಟು ಬೇಡಿಕೆ ಇರಲ್ಲ ಕಂಬದವರೇ," ಎನ್ನುತ್ತಿದ್ದರು. ಇಬ್ಬರೂ ದಪ್ಪ ದಪ್ಪ ವರದಿ ತಂದಿದ್ದರು. ಒಬ್ಬರದು ಒಂದೇ ಎತ್ತರದ ಕಟ್ಟೆ, ಇನ್ನೊಬ್ಬರದು ಎರಡು ಗಿಡ್ಡ ಕಟ್ಟೆ ಮತ್ತು ಸುರಂಗ. ಒಬ್ಬರು ಬರೆದದ್ದೆಲ್ಲ ಮೋಸ ಎಂದು ಇನ್ನೊಬ್ಬರು. ಭಾಷೆ ಬಾರದ ಅವನು ಎರಡನ್ನೂ ಮಗುಚಿ ನೋಡಿದ್ದ. ಎರಡರಲ್ಲೂ ಒಂದೊಂದು ಪುಟದಲ್ಲಿ, ಚೌಕದೊಳಗೆ, ತನ್ನ ಸಂಖ್ಯೆ ಕೂತಿತ್ತು, 5.40. ಗುರುತಿನವರು ದೂರದೇಶದಲ್ಲಿ ಸಿಕ್ಕ ಹಾಗಾಗಿತ್ತು ಅವನಿಗೆ. ಎಲ್ಲದರಲ್ಲೂ ಕಿತ್ತಾಡುವ ಎರಡು ದೇಶಗಳು ತಕರಾರಿಲ್ಲದೆ ಒಪ್ಪಿದ್ದ ಒಂದೇ ವಿಷಯ ಅವನ ಸುಳ್ಳು.

ಆ ಸಂಖ್ಯೆ ಯಾಕೆ ಬೇಕೆಂದು ಸಾಹೇಬರನ್ನೇ ಕೇಳಿದ್ದ. ಸಾಹೇಬರು ನೀರಿನ ಲೋಟ ತೋರಿಸಿ ವಿವರಿಸಿದ್ದರು. ಪ್ರವಾಹ ಬಂದರೆ ಹೆಚ್ಚಿನ ನೀರು ಹೊರಬೀಳಲು ಕಟ್ಟೆಗೆ ಗೇಟು ಇಡುತ್ತಾರೆ. ಎಷ್ಟು ದೊಡ್ಡ ಗೇಟು ಎಂಬುದು ಹಿಂದೆ ಬಂದ ದೊಡ್ಡ ಪ್ರವಾಹ ಎಷ್ಟೆಂಬುದರ ಮೇಲೆ. ಗೇಟಿನ ಕೈಲಾಗದಷ್ಟು ಬಂದರೆ? ಬಂದರೆ ನೀರು ಕಟ್ಟೆಯ ತಲೆ ಹತ್ತಿ ಇಳಿಯುತ್ತದೆ, ಕಟ್ಟೆ ಕೊಚ್ಚಿಕೊಂಡು ಹೋಗುತ್ತದೆ. "ಆಗ ಕೆಳಗಿನ ಊರು?" ಸಾಹೇಬರು ಲೋಟದ ನೀರು ಕುಡಿದು, "ಬರಲ್ಲ ಬಿಡಿ. ನಿಮ್ಮ ದಾಖಲೆ ಇದೆಯಲ್ಲ," ಎಂದಿದ್ದರು.

ಸಭೆಯಲ್ಲಿ ಅವನಿಗೆ ಕೊನೆಯ ಕುರ್ಚಿ. ಕಡಲಾಚೆಯವರ ಪರವಾಗಿ ದುಭಾಷಿ ಹೆಂಗಸೊಬ್ಬಳು ಶೀತದ ಮೂಗು ಒರೆಸಿಕೊಳ್ಳುತ್ತ ಕೂತಿದ್ದಳು. ಗಡಿಯಾಚೆಯ ಮುಖ್ಯಸ್ಥನಿಗೆ ಇಲ್ಲಿನ ಮಾತು ಮುರುಕು ಮುರುಕಾಗಿ ಬರುತ್ತಿತ್ತು. ಸಾಹೇಬರು ಒಂದು ಹಾಳೆ ಮುಂದೆ ಸರಿಸಿದರು. ಈ ಪುಸ್ತಕದ ಅಳತೆಗಳೆಲ್ಲ ನಾನೇ ಸ್ಥಳದಲ್ಲಿದ್ದು ಕಣ್ಣಾರೆ ನೋಡಿ ಬರೆದವು ಎಂದು ಅದರಲ್ಲಿತ್ತು. ಅವನು ಕತ್ತು ಚಾಚಿ ಓದಿದ. ಓದಿ ಎದ್ದುನಿಂತ. ಎದ್ದುನಿಂತದ್ದು ಯಾಕೆಂದು ತಿಳಿಯದೆ ಎಲ್ಲರೂ ಅವನ ಕೈ ನೋಡಿದರು. ಕೈಯಲ್ಲಿ ಕೊಡೆಯಿಲ್ಲವೆಂದು ಅವನಿಗೆ ತಾನೇ ಒಮ್ಮೆ ನೋಡಿಕೊಳ್ಳಬೇಕಾಯಿತು.

"ಐದು ನಲವತ್ತು ತಪ್ಪು," ಎಂದ. "ನೀರು ಏಳು ದಾಟಿತ್ತು. ಗೋಡೆ ಮೇಲೆ ಗುರುತಿತ್ತು. ನಾನೇ ಒರೆಸಿದೆ."

ಇಷ್ಟು ಸಲೀಸಾಗಿ ಬಂತೇ ಎಂದು ಅವನಿಗೇ ಆಶ್ಚರ್ಯವಾಯಿತು. ದುಭಾಷಿ ಮೂಗು ಒರೆಸುವುದನ್ನು ನಿಲ್ಲಿಸಿ ಅನುವಾದಿಸಿದಳು. ಕಡಲಾಚೆಯವರ ಮುಖಗಳು ಅರಳಿದವು. ಅವರ ಮುಖ್ಯಸ್ಥ, ತೆಳ್ಳನೆಯ ಮನುಷ್ಯ, ಸರ್ರನೆ ಗಡಿಯಾಚೆಯವರ ಕಡೆ ತಿರುಗಿ ಏನೋ ಹೇಳಿದ. ನಿಮ್ಮ ಎತ್ತರದ ಕಟ್ಟೆಯ ಕಥೆ ಮುಗಿಯಿತು ಎಂಬಂತಿತ್ತು. ಗಡಿಯಾಚೆಯವನೂ ಬೆರಳು ತೋರಿಸಿ, "ನಿಮ್ಮ ಸುರಂಗ! ಸುರಂಗ ಹೋಯಿತು!" ಎಂದ. ಒಂದು ನಿಮಿಷ ಇಬ್ಬರಿಗೂ ಅವನ ಮೇಲೆ ಎಲ್ಲಿಲ್ಲದ ಅಕ್ಕರೆ. ಯಾರೋ ಅವನಿಗೆ ಕುರ್ಚಿ ಹತ್ತಿರ ಎಳೆದರು. ಆಮೇಲೆ ಇಬ್ಬರ ಕಡೆಯವರೂ ತಮ್ಮ ತಮ್ಮ ವರದಿಯ ಆ ಪುಟ ತೆಗೆದು ನೋಡಿದರು. ಆರು ವರ್ಷ, ಎರಡು ದೇಶ, ಎರಡು ದಪ್ಪ ಪುಸ್ತಕ. ಮೊದಲ ಪುಟದಿಂದ ಮತ್ತೆ ಶುರುಮಾಡಬೇಕು, ಅಷ್ಟರಲ್ಲಿ ಇಲ್ಲಿನ ಸರ್ಕಾರ ಬದಲಾಗಿ ಮೂರನೆಯವರು ಯಾರೋ ಬಂದು ಕೂತಿರುತ್ತಾರೆ. ಗಡಿಯಾಚೆಯ ಮುಖ್ಯಸ್ಥ ತನ್ನ ಮುಂದಿದ್ದ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ, ಮೊದಲ ಸಲ, ಕಡಲಾಚೆಯವನ ಮುಂದಿಟ್ಟ. ಅವನು ಅದನ್ನು ಕುಡಿದ.

ದುಭಾಷಿ ಕೇಳಿದಳು, "ಅವತ್ತು ನೀವು ಅಲ್ಲಿದ್ದಿರಾ ಅಂತ ಕೇಳ್ತಿದಾರೆ."

"ಇರಲಿಲ್ಲ."

"ಆ ಗುರುತನ್ನ ಅಳೆದಿರಾ?"

"ಇಲ್ಲ."

"ಆ ಗುರುತು ನೋಡಿದವರು ಬೇರೆ ಯಾರಾದ್ರೂ ಇದಾರಾ? ಒಬ್ಬರಾದ್ರೂ ಸಾಕಂತೆ."

ಅವನು ಯೋಚಿಸಿದ. ಮಳೆ, ಕೆಸರು, ಮುರಿದ ರಸ್ತೆ, ಮೂರು ದಿನ ಒಂದು ನರಪಿಳ್ಳೆ ಆ ಕಡೆ ಸುಳಿದಿರಲಿಲ್ಲ. "ಯಾರೂ ಇಲ್ಲ," ಎಂದ.

ಸಮಾಧಾನದ ಒಂದು ಉಸಿರು ಮೇಜಿನ ಎರಡೂ ಬದಿಯಿಂದ ಬಂತು. ಇಲ್ಲದವನು, ಅಳೆಯದವನು, ಸಾಕ್ಷಿಯಿಲ್ಲದವನು ಹೇಳುವುದನ್ನು ನಂಬಬೇಕೋ, ಹದಿನೆಂಟು ವರ್ಷದಿಂದ ಮಸಿಯಲ್ಲಿರುವುದನ್ನು ನಂಬಬೇಕೋ? ಚಹಾ ಬಂತು. ಸಾಹೇಬರು ಅವನ ಹೆಗಲು ಹಿಡಿದು ವರಾಂಡಕ್ಕೆ ಕರೆದೊಯ್ದರು. ಸಾಹೇಬರು ಕೆಟ್ಟವರಲ್ಲ.

"ಹೇಳಬೇಕಾದ್ದು ಹೇಳಿದ್ರಿ. ಮನಸ್ಸು ಹಗುರ ಆಯ್ತಲ್ಲ. ಈಗ ಸಹಿ ಹಾಕಿ."

"ಸಾರ್, ಕೆಳಗೆ ಊರಿದೆ."

"ನನಗೆ ಗೊತ್ತಿಲ್ವಾ? ಆದ್ರೆ ಸಹಿ ಹಾಕದೆ ಇದ್ರೆ ಹಳೇ ವಿಚಾರಣೆ ತೆರೀಬೇಕಾಗುತ್ತೆ. ಪಂಪ್‌ಹೌಸಿಗೆ ಅವತ್ತು ಫೋನ್ ಯಾಕೆ ಬರಲಿಲ್ಲ ಅಂತ ನಿಮ್ಮ ಅಕ್ಕನ ಎದುರಿಗೇ ಕೇಳ್ತಾರೆ. ಏನಂತೀರಾ ಆಗ?"

ಅವನು ವರಾಂಡದ ನೆಲ ನೋಡಿದ. ನೆಲ ಒಣಗಿತ್ತು. ಒಳಗೆ ಹೋದಾಗ ಎರಡೂ ಕಡೆಯವರು ಒಂದೊಂದು ಪೆನ್ನು ಮುಂದೆ ಹಿಡಿದರು. ಅವನು ತನ್ನ ಜೇಬಿನ ಪೆನ್ನನ್ನೇ ತೆಗೆದು ಸಹಿ ಹಾಕಿದ. ಇದೊಂದು ಮಾನವನ್ನಾದರೂ ಉಳಿಸಿಕೊಂಡೆ ಎಂದು ಆ ಕ್ಷಣ ಅನ್ನಿಸಿದ್ದಕ್ಕೆ, ಸೈಕಲ್ ತುಳಿಯುತ್ತ ಅಕ್ಕನ ಮನೆಯ ದಾರಿ ಹಿಡಿದಾಗ, ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅವರೆಲ್ಲ ಊಟ ಮುಗಿಸಿ ಅಳತೆಮನೆಯಲ್ಲಿ, ಕೆಂಪು ಗೆರೆಯ ಪಕ್ಕ, ಫೋಟೋಕ್ಕೆ ನಿಂತಿರುತ್ತಾರೆ. ನಾಲ್ಕರವರೆಗೂ ಅಲ್ಲೇ ಎಂದು ಸಾಹೇಬರು ಹೇಳಿದ್ದರು.

ಅಕ್ಕನ ಮನೆ ಕೆಳಗಿನ ಊರಿನ ಮೊದಲ ಮನೆ, ರಸ್ತೆಗೆ ಅಂಟಿಕೊಂಡದ್ದು. ಮೇಲಿನಿಂದ ಇಳಿಯಲು ಇರುವುದು ಅದೊಂದೇ ರಸ್ತೆ. ಅಕ್ಕ ಹೊಸಿಲ ಮೇಲೆ ಕೂತು ಯಾರದೋ ರವಿಕೆಗೆ ಗುಂಡಿ ಹೊಲಿಯುತ್ತಿದ್ದಳು. "ಬೆಳಿಗ್ಗೆ ಏಳು ಗಾಡಿ ಹತ್ತಿಕೊಂಡು ಹೋದ್ವು ಕಣೋ, ಎರಡು ಥರದ ಬಾವುಟ," ಎಂದಳು. ಅವನು ಸೈಕಲ್ ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂತ. ಭಾವನ ಫೋಟೋ ಒಳಗಿನ ಗೋಡೆಯಲ್ಲಿ ಇಲ್ಲಿಂದಲೇ ಕಾಣುತ್ತಿತ್ತು. ಬೆಳಿಗ್ಗೆ ಒಮ್ಮೆ ತೆರೆದ ಬಾಯಿ ಇನ್ನೂ ಮುಚ್ಚಿಕೊಂಡಿರಲಿಲ್ಲವೋ ಏನೋ, ಅವನು ಎಲ್ಲವನ್ನೂ ಹೇಳಿದ. ಬೆಂಚು, ಕೊಡೆ, ಗೋಣಿಚೀಲ, ಐದು ನಲವತ್ತು. ಹೇಳುವಾಗ ಅವಳ ಸೂಜಿಯನ್ನೇ ನೋಡುತ್ತಿದ್ದ. ಸೂಜಿ ನಿಲ್ಲಲಿಲ್ಲ.

"ನಾನು ಬಂದಿದ್ದೆ," ಎಂದಳು ಅಕ್ಕ.

"ಎಲ್ಲಿಗೆ?"

"ಮೇಲಕ್ಕೆ, ನಿನ್ನ ಹತ್ರ. ಇವರ ದೇಹ ಸಿಕ್ಕಿದ ಮಾರನೇ ದಿನ. ಬೆಳಿಗ್ಗೆನೇ ನಿನ್ನ ಮನೆಗೆ ಹೇಳಿಕಳಿಸಿದ್ದೆ, ನೀನು ಬರಲಿಲ್ಲ. ಕೆಸರಲ್ಲೇ ನಡಕೊಂಡು ಬಂದೆ. ನೀನು ಸ್ಟೂಲ್ ಮೇಲೆ ನಿಂತು ಹೊರಗಿನ ಗೋಡೆ ಒರೆಸ್ತಿದ್ದೆ. ಕಿಟಕಿಗಿಂತ ಒಂದು ಗೇಣು ಮೇಲೆ." ಅವಳು ದಾರ ಹಲ್ಲಿನಿಂದ ಕಡಿದಳು. "ಮರದ ಹತ್ರ ಸ್ವಲ್ಪ ಹೊತ್ತು ನಿಂತಿದ್ದು ವಾಪಸ್ ಬಂದೆ."

ಮೊದಲ ದಿನ ಒರೆಸಿದ್ದು ಭಾವ ಸತ್ತದ್ದು ಗೊತ್ತಿಲ್ಲದೆ. ಉಳಿದೆರಡು ದಿನ ಗೊತ್ತಿದ್ದೇ. ಅದನ್ನು ಅವನು ಅಕ್ಕನಿಗೆ ಹೇಳುವಾಗ ಬಿಟ್ಟಿದ್ದ.

"ಯಾಕಕ್ಕ ಹೇಳಲಿಲ್ಲ? ಅವರನ್ನ ಕುಡುಕ ಅಂದ್ರಲ್ಲ. ಮಗಳ ಮದುವೆಯಲ್ಲಿ..."

"ಹೇಳಿದ್ರೆ ನಿನ್ನ ಒಳಗೆ ಹಾಕ್ತಿದ್ರು. ಗಂಡನೂ ಹೋದ, ತಮ್ಮನೂ ಹೋಗಬೇಕಿತ್ತಾ?" ಅವಳ ದನಿ ಏರಲಿಲ್ಲ. "ಅದೂ ಅಲ್ದೆ, ನೀನೇ ಒಂದಿನ ಬಾಯಿಬಿಡ್ತೀಯ ಅಂತಿದ್ದೆ. ಪ್ರತಿ ಸಲ ನೀನು ಬಂದಾಗ್ಲೂ, ಇವತ್ತು ಹೇಳ್ತಾನೆ ಅಂತ. ಇವತ್ತು ಅಲ್ಲಿ ಹೇಳಿದೆ ಅಂದೆಯಲ್ಲ. ಏನಂದ್ರು?"

"ನೋಡಿದವರು ಒಬ್ಬರಾದ್ರೂ ಇದಾರಾ ಅಂದ್ರು. ಯಾರೂ ಇಲ್ಲ ಅಂದೆ." ಆಮೇಲೆ, "ಸಹಿ ಹಾಕಿಸಿಕೊಂಡ್ರು," ಎಂದ.

ಅಕ್ಕ ರವಿಕೆ ಮಡಚಿ ಒಳಗಿಟ್ಟು ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟು ವರ್ಷದ ಭಾರದಲ್ಲಿ ಬಗ್ಗಿದ್ದ ಅವಳ ಬೆನ್ನು ನೆಟ್ಟಗಾದ ಹಾಗೆ ಅವನಿಗೆ ಕಂಡಿತು, ಅದು ಕಂಡು ಭಯವಾಯಿತು. "ಹಾಗಾದ್ರೆ ನಡಿ," ಎಂದಳು, "ನಾನಿದೀನಲ್ಲ. ನಾನು ನೋಡಿದೀನಿ ಅಂತ ಹೇಳ್ತೀನಿ. ಇವರು ಕುಡೀತಿರಲಿಲ್ಲ ಅಂತಾನೂ ಹೇಳ್ತೀನಿ. ಸೈಕಲ್ ಹಿಂದೆ ಕೂರ್ತೀನಿ, ನಡಿ." ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಳು.

ಅವನಿಗೆ ಕೋಣೆ ಕಂಡಿತು. ಉದ್ದನೆಯ ಮೇಜು, ದೂರ ಕೂತ ಕುರ್ಚಿಗಳು, ಎಲ್ಲರೂ ತಿರುಗಿ ನೋಡುವುದು, ದುಭಾಷಿ ಮೂಗು ಒರೆಸಿಕೊಂಡು ಕೇಳುವುದು, ನಿಮ್ಮ ಗಂಡ ಫೋನಿಗಾಗಿ ಎಷ್ಟು ಹೊತ್ತು ಕಾದರು? ಅಕ್ಕ ಅವನ ಎದುರಿಗೇ ಅದಕ್ಕೆ ಉತ್ತರ ಹೇಳುವುದು. ನಾಲ್ಕು ತಿಂಗಳು ಉಳಿದಿತ್ತು, ಬರೀ ನಾಲ್ಕು ತಿಂಗಳು.

"ಅವರು ಹೊರಟುಹೋದ್ರಕ್ಕ," ಎಂದಿತು ಅವನ ಬಾಯಿ. "ಊಟ ಆದ ತಕ್ಷಣ."

ಅಕ್ಕ ಒಂದು ಕಾಲಿನ ಚಪ್ಪಲಿಯಲ್ಲೇ ನಿಂತಳು. ಬೆಳಗಿನಿಂದ ಅವಳು ಈ ಹೊಸಿಲಲ್ಲೇ ಕೂತಿದ್ದಳು; ಗಾಡಿಗಳು ಹತ್ತಿದ್ದು ಕಂಡಿದ್ದಳು, ಇಳಿದದ್ದು ಕಂಡಿರಲಿಲ್ಲ. ಅವಳು ಒಮ್ಮೆ ರಸ್ತೆ ನೋಡಿದಳು. ಮಧ್ಯಾಹ್ನದ ಧೂಳು ಅಲುಗದೆ ಬಿದ್ದಿತ್ತು. ಆಮೇಲೆ ಅವನನ್ನು ನೋಡಿದಳು. ಅವಳಿಗೆ ಗೊತ್ತೆಂದು ಅವನಿಗೂ ಗೊತ್ತಾಯಿತು, ಅವನಿಗೆ ಗೊತ್ತಾದದ್ದು ಅವಳಿಗೂ ತಿಳಿಯಿತು. ಬಾಯಿ ತೆಗೆದು ಇನ್ನೊಂದು ಮಾತು ಹೇಳಲು ಬೇಕಾದಷ್ಟು ಹೊತ್ತಿತ್ತು. ಅವನು ಹೇಳಲಿಲ್ಲ.

"ಹೌದಾ," ಎಂದಳು ಅಕ್ಕ. ಚಪ್ಪಲಿ ಬಿಚ್ಚಿ, ಎರಡನ್ನೂ ಜೋಡಿಸಿ ಗೋಡೆಗೆ ತಾಗಿಸಿ ಇಟ್ಟಳು.

ಅರ್ಧ ಗಂಟೆಯ ಮೇಲೆ ಏಳೂ ಗಾಡಿಗಳು ಒಂದರ ಹಿಂದೊಂದು ಇಳಿದುಬಂದವು. ಎರಡು ಥರದ ಬಾವುಟಗಳೂ ಬೆರೆತುಹೋಗಿದ್ದವು. ಮನೆಯ ಮುಂದೆ ಹಾದುಹೋಗುವಾಗ ಯಾರೋ ಒಳಗೆ ಗಟ್ಟಿಯಾಗಿ ನಗುತ್ತಿದ್ದರು. ಧೂಳು ಬಾಗಿಲವರೆಗೂ ಬಂದು ಚಪ್ಪಲಿಗಳ ಮೇಲೆ ಕೂತಿತು. ಅವನು ತಲೆಯೆತ್ತಲಿಲ್ಲ. ಅಕ್ಕ ಒಳಗೆ ತಟ್ಟೆ ಇಡುತ್ತಿದ್ದ ಸದ್ದು ಕೇಳಿತು.

"ಕೈ ತೊಳ್ಕೊ," ಎಂದಳು ಒಳಗಿನಿಂದ. "ತಿಂದು ಬೇಗ ಹೊರಡು. ಐದಕ್ಕೆ ನೀನು ಅಲ್ಲಿರಬೇಕಲ್ಲ."